ಬಲೆಯ ಕಣ್ಣು

ಜೂನ್ ಒಂದಕ್ಕೆ ಬೋಟು ಕಟ್ಟಿದರೆ
ಬೈತಖೋಲದಲ್ಲಿ ಡೀಸೆಲ್ಲಿಗೂ ನಿದ್ದೆ.
ಐಸ್ ಫ್ಯಾಕ್ಟರಿಯ ಹಿಂದೆ, ತಾಡಪತ್ರಿಯ ಕೆಳಗೆ,
ಮೀನಿನ ಕ್ರೇಟು ಬೋರಲು ಹಾಕಿ ನಾವು ನಾಲ್ವರು,
ಎಲೆ ಒಬ್ಬೊಬ್ಬರಿಗೆ ಎರಡು.
ದುಡ್ಡಿನ ಬದಲು ಬಲೆಯ ಸೀಸದ ಗುಂಡು,
ಗುಂಡಿಗೆ ಐದು ರೂಪಾಯಿ,
ಲೆಕ್ಕ ನಾರಳಿ ಹುಣ್ಣಿಮೆಗೆ.

ನಾನು ಕಲಿತದ್ದು ಪಣಜಿಯಲ್ಲಿ.
ಹೊಳೆಯಲ್ಲಿ ನಿಂತ ಜೂಜಿನ ಹಡಗಿನ ಅಡುಗೆಮನೆಯಲ್ಲಿ
ಆರು ವರ್ಷ ಶೆಟ್ಲಿ ಸುಲಿದೆ.
ಮೇಲೆ ಹೋಗುವ ಹಾಗಿರಲಿಲ್ಲ. ಕೆಳಗೆ ಬರುವ ತಟ್ಟೆಯಲ್ಲೇ ತಿಳಿಯುತ್ತಿತ್ತು:
ಸೋತವರು ಮುಟ್ಟದೆ ಬಿಟ್ಟದ್ದು,
ಗೆದ್ದವರು ಎಲುಬು ಚೀಪಿದ್ದು.
ಆಟ ಹೇಳಿಕೊಟ್ಟ ಮಣಿಪುರದ ವೇಟರ್ ಅಂದಿದ್ದ,
ಎಲೆ ಬರೋದು ಆಮೇಲೆ,
ಮನುಷ್ಯ ಮೊದಲೇ ಬಂದು ಕೂತಿರ್ತಾನೆ.

ನನಗದು ಹೊಸತಲ್ಲ. ಬಲೆ ನೇಯುವವನಿಗೆ
ಬಂಗಡೆಗೊಂದು ಕಣ್ಣು, ಇಸ್ವಾಣಕ್ಕೊಂದು ಕಣ್ಣು,
ಶೆಟ್ಲಿಗಾದರೆ ಸೊಳ್ಳೆಪರದೆಯಷ್ಟು ಬಿಗಿ.

ಪೆಡ್ನೇಕರರು ಕಸ್ಟಮ್ಸ್ ಗುಮಾಸ್ತರಾಗಿ ರಿಟೈರಾದವರು.
ಸೀಲು ಸಹಿ ಎರಡೂ ಇದ್ದ ಕಾಗದವನ್ನೂ
ಮೂರು ಸಲ ತಿರುಗಿಸಿ ನೋಡಿದವರು.
ರಾಜನ ಜೋಡಿ, ಎಕ್ಕದ ಜೋಡಿ ಬರುವವರೆಗೆ
ಕನ್ನಡಕ ಒರೆಸುತ್ತಾರೆ.
ಅವರೊಬ್ಬರೇ ಎದುರಿದ್ದರೆ ನನ್ನ ಬಲೆ ಬಿಗಿಗಣ್ಣು:
ಐದು-ಆರು ಬಂದರೂ ಸರಿ, ಗುಲಾಮ-ನಾಲ್ಕಾದರೂ ಸರಿ,
ಪುಡಿಮೀನನ್ನೂ ಬಿಡದೆ ಬಾಚುತ್ತೇನೆ.
ಅವರೇ ಮುಷ್ಟಿ ಗುಂಡು ಮುಂದೆ ತಳ್ಳಿದರೋ,
ಎರಡು ರಾಣಿಯರನ್ನೂ ಮಗುಚಿಟ್ಟು
ಬೀಡಿ ಸೇದಲು ಎದ್ದು ಹೋಗುತ್ತೇನೆ.

ಇನಾಸ ಮೆಕ್ಯಾನಿಕ್. ಕೈಯ ಗ್ರೀಸು ಎಲೆಗೂ.
ನೋಡೋಣಲ್ಲ, ಅನ್ನುತ್ತಾನೆ, ಪ್ರತಿ ಸಲ.
ಕೆಟ್ಟ ಇಂಜಿನ್ನನ್ನು ಬಿಚ್ಚಿ ನೋಡದೆ ಬಿಟ್ಟವನಲ್ಲ,
ಅವನಿಗೆ ಸುಳ್ಳು ಹೇಳಿ ಉಪಯೋಗವಿಲ್ಲ.
ಅವನಿಗೆ ಅಗಲ ಕಣ್ಣಿನ ಬಲೆ. ಸಣ್ಣದೆಲ್ಲ ಸೋರಿಹೋಗಲಿ.
ಎಕ್ಕ-ರಾಜ ಬಂದ ದಿನ ಮಾತ್ರ
ಗುಂಡಿನ ಮೇಲೆ ಗುಂಡು, ಸಾವಕಾಶ.
ಅವನು ನೋಡುತ್ತಾನೆ, ನೋಡುತ್ತಾನೆ,
ನೋಡಿ ನಗುತ್ತಾನೆ.
ನನಗೆ ಸ್ವಲ್ಪ ನಾಚಿಕೆ.

ಗುರುದಾಸ ತಾಂಡೇಲ ಎಲೆ ಬಿಚ್ಚುವ ಮೊದಲೇ ಬಾಜಿ ಏರಿಸುವವ,
ಕೂರ್ಮಗಡದ ಆಚೆ ಏಳುವ ಗಾಳಿ.
ದಿನಾ ಅವನ ಎಡಕ್ಕೇ ಕೂರುತ್ತೇನೆ,
ಗಾಳಿ ಅವನನ್ನು ದಾಟಿ ನನಗೆ ಬರಲೆಂದು.
ಒಂಬತ್ತರ ಜೋಡಿ ಸಾಕು ಅವನಿಗೆ.
ಹಗ್ಗ ಬಿಡುತ್ತ ಕೂತರೆ
ತೊರ್ಕೆಯ ಹಾಗೆ ತಾನೇ ಎಳೆದು ತಾನೇ ಸುಸ್ತು.

ಜುಲೈ ಹೊತ್ತಿಗೆ ಒಂದು ಸೋಜಿಗ.
ನನಗೆ ಎಕ್ಕ ಬಂದರೆ ಮೂವರೂ ಎಲೆ ಎಸೆಯುತ್ತಾರೆ.
ಇನಾಸನೂ. ತಾಂಡೇಲನೂ.
ರಾಜನ ಜೋಡಿಗೆ ಸಿಕ್ಕಿದ್ದು ಎರಡು ಗುಂಡು.

ಬಂದರದಲ್ಲಿ ಮೀನು ಸವಾಲು ಕೂಗುವ ಪ್ರೇಮಾವತಿ ಹರಿಕಂತ್ರ
ಕಂಬಕ್ಕೊರಗಿ ಇಷ್ಟು ದಿನ ಸುಮ್ಮನೆ ನೋಡುತ್ತಿದ್ದವಳು, ಅಂದಳು:
"ಒಳ್ಳೆ ಎಲೆ ಬಂದ್ರೆ ನೀ ಬಲೆಸೂಜಿ ಹಲ್ಲಲ್ಲಿ ಕಚ್ತೆ.
ಬಂದರಕ್ಕೆಲ್ಲ ಗೊತ್ತುಂಟು ಮಾರಾಯಾ."

ಮಳೆ ತಾಡಪತ್ರಿಯ ಹೊಟ್ಟೆ ತುಂಬಿ
ಒಂದೇ ಮೂಲೆಯಿಂದ ಸುರಿಯಿತು.
ನಾನು ಬಾಯಿಂದ ಸೂಜಿ ತೆಗೆದೆ.
ಯಾರೂ ನನ್ನ ಮುಖ ನೋಡಲಿಲ್ಲ.

ನಿನ್ನೆ ಅವಳೂ ಕೂತಳು, ಐದನೆಯ ಕ್ರೇಟು.
ನನಗೆ ಕಳಾವರ್ ಏಳು, ಆಟೀನ್ ಎರಡು,
ಬಂದರದ ಬೆಕ್ಕೂ ಮೂಸದ ಜೋಡಿ.
ಸೂಜಿ ಕಚ್ಚಿದೆ. ಹನ್ನೆರಡು ಗುಂಡು ತಳ್ಳಿದೆ.
ಪೆಡ್ನೇಕರರು ಮಗುಚಿ ಕನ್ನಡಕ ತೆಗೆದರು.
ಇನಾಸ ನೋಡೋಣಲ್ಲ ಅನ್ನಲಿಲ್ಲ.
ತಾಂಡೇಲ ನನ್ನ ಅಜ್ಜನಿಗೆ ಬೈದು ಎಸೆದ.

ಪ್ರೇಮಾವತಿ ತನ್ನ ಎಲೆ ಮುಟ್ಟಲಿಲ್ಲ.
ಸೂಜಿ ನೋಡಿದಳು,
ಸೂಜಿಯಲ್ಲಿ ನೂಲು ಸುತ್ತಿಲ್ಲದ್ದು ನೋಡಿದಳು.
ಸೆರಗಿನ ಗಂಟು ಬಿಚ್ಚಿ ಎಣಿಸತೊಡಗಿದಳು,
ಬೆಳಗಿನ ಸವಾಲಿನ ದನಿಯಲ್ಲಿ,
ಒಂದ್, ಎರಡ್, ಮೂರ್...